ಕುಟ್ಟಾಣಿಯ ಕಬ್ಬಿಣ

ಸವಳಂಗ ರಸ್ತೆ, ಶಿವಮೊಗ್ಗ
೧೮ ನವೆಂಬರ್ ೨೦೨೪

ಪ್ರೀತಿಯ ಸುದೀಪ್,

ಹೇಗಿದ್ದೀಯ ಎಂದು ಕೇಳುವುದಕ್ಕೂ ನಾಚಿಕೆಯಾಗುತ್ತದೆ. ನಿನ್ನ ಅಮ್ಮ ತೀರಿಕೊಂಡು ಐದು ತಿಂಗಳಾಯಿತು. ಆಮೇಲೆ ನಾನು ಭದ್ರಾವತಿಗೆ ಬರಲಿಲ್ಲ, ಫೋನೂ ಮಾಡಲಿಲ್ಲ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಗೆ ಏನು ನೆಪ ಹೇಳಲಿ? ಫೋನಿನಲ್ಲಾದರೆ ನಡುವೆ ಅತ್ತು ತಪ್ಪಿಸಿಕೊಳ್ಳುತ್ತೇನೆ ಎಂದು ಕಾಗದ ಹಿಡಿದು ಕೂತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿ ಮಾರಾಯ.

ನೀನೇ ಸರಿ. ಮೊದಲು ಅದನ್ನು ಬರೆದುಬಿಡುತ್ತೇನೆ. ಅಲ್ಯೂಮಿನಾ ಪುಡಿಯ ಮೇಲೆ ತಾಮ್ರ ಕೂರಿಸಿದ ನಮ್ಮ ಕ್ಯಾಟಲಿಸ್ಟ್, ನಾನು ಮಾಡಿದರೆ ಪೆರಾಕ್ಸೈಡ್ ಬೆರೆಸಿದ ಬಣ್ಣದ ನೀರನ್ನು ಇಪ್ಪತ್ತು ನಿಮಿಷದಲ್ಲಿ ತಿಳಿ ಮಾಡುತ್ತಿತ್ತು. ನೀನು ಮಾಡಿದರೆ ಮೂರು ಗಂಟೆಯಾದರೂ ಬಣ್ಣ ಹೋಗುತ್ತಿರಲಿಲ್ಲ. ನನಗೆ ಬಂದ ಫಲಿತಾಂಶ ನಿನಗೆ ಮತ್ತೆ ಬರುತ್ತಿಲ್ಲ ಎಂದು ನೀನು ವರದಿಯಲ್ಲಿ ಬರೆದೆ. ನಮ್ಮಿಬ್ಬರ ಗೈಡ್ ವಿಮಲಾ ಮೇಡಂ ಎಲ್ಲರೆದುರು, "ಹೊಟ್ಟೆಕಿಚ್ಚಿಗೆ ಸುಳ್ಳು ಅಂಕಿ ಬರ್ದಿದ್ದಾನೆ" ಅಂದರು. ನೀನು ಪಿಎಚ್.ಡಿ. ಬಿಟ್ಟು ಫೌಂಡ್ರಿಯಲ್ಲಿ ಮರಳು ಪರೀಕ್ಷಿಸುವ ಕೆಲಸಕ್ಕೆ ಸೇರಿದೆ. ನಿನಗೆ ಗೊತ್ತಿರುವುದೇ, ಆದರೂ ಒಮ್ಮೆ ನನ್ನ ಕೈಯಲ್ಲಿ ಬರೆಯಬೇಕಿತ್ತು.

ನೀನು ಲ್ಯಾಬಿನ, ಸುಲಭಕ್ಕೆ ಸವೆಯದ ಅಗೇಟ್ ಕಲ್ಲಿನ ಒರಳಿನಲ್ಲಿ ಅರೆಯುತ್ತಿದ್ದೆ. ನಿನ್ನ ಸರದಿ ಮುಗಿಯುವವರೆಗೆ ಕಾಯುವ ತಾಳ್ಮೆ ನನಗೆಲ್ಲಿತ್ತು? ನಮ್ಮ ಅಬ್ಬ ತಮ್ಮ ಲೇತ್‌ನಲ್ಲಿ ಕಡೆದುಕೊಟ್ಟ ಉಕ್ಕಿನ ಕುಟ್ಟಾಣಿ ತಂದಿಟ್ಟುಕೊಂಡೆ. ಅಲ್ಯೂಮಿನಾ ಉಕ್ಕನ್ನೂ ಸವೆಸುತ್ತದೆ ಎಂಬುದು ನನ್ನ ದೊಡ್ಡ ತಲೆಗೆ ಹೊಳೆಯಲೇ ಇಲ್ಲ.

ಒಂದು ದಿನ ತಾಮ್ರವನ್ನೇ ಹಾಕದೆ, ಬರೀ ಅಲ್ಯೂಮಿನಾವನ್ನು ಅದರಲ್ಲಿ ಕುಟ್ಟಿ, ಕುಲುಮೆಯಲ್ಲಿ ಕಾಯಿಸಿ, ಬಣ್ಣದ ನೀರಿಗೆ ಹಾಕಿದೆ. ತಾಮ್ರವನ್ನು ಹೊತ್ತುಕೊಳ್ಳಲೆಂದು ಇರುವ ಪುಡಿ ಅದು, ತಾನಾಗಿ ಏನೂ ಮಾಡಬಾರದು. ಇಪ್ಪತ್ತೆರಡು ನಿಮಿಷಕ್ಕೆ ನೀರು ತಿಳಿಯಾಯಿತು. ಕುಟ್ಟಾಣಿಯಿಂದ ಸವೆದು ಬಂದ, ಎಕ್ಸ್-ರೇಗೆ ಸಿಕ್ಕದಷ್ಟು ಕಡಿಮೆ ಕಬ್ಬಿಣ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪುಡಿಯ ಮೈಮೇಲೆಲ್ಲ ಚುಕ್ಕೆ ಚುಕ್ಕೆಯಾಗಿ ಕೂತಿತ್ತು. ಕೆಲಸ ಮಾಡಿದ್ದು ಅದು. ತಾಮ್ರವನ್ನು ಹೊಗಳಿ ನಾನು ಬರೆದ ಹನ್ನೊಂದು ಪುಟದ ಪೇಪರ್ ಪೂರ್ತಿ ರದ್ದಿ. "ನಾ ಮಾಡಿದ್ದು ಗಟ್ಟಿ ಮಾಲು ಬೇಟಾ, ಅಷ್ಟು ಬೇಗ ಸವೆಯಲ್ಲ" ಎಂದು ಅಬ್ಬ ಎರಡು ದಿನ ಮುನಿಸಿಕೊಂಡಿದ್ದರು.

ಹೋದ ವಾರ ಮೇಡಂಗೆ ಎಲ್ಲ ಹೇಳಿದೆ.

"ಪೇಪರ್ ಅಚ್ಚಾಗಿ ವರ್ಷ ಆಯ್ತು, ಈಗ್ಯಾಕೆ ಕೆದಕ್ತೀಯ? ಥೀಸಿಸ್ ಕೊಟ್ಟು ಹೋಗಮ್ಮ" ಅಂದರು.

"ಸುದೀಪ್ ಹೆಸರು ಹಾಳಾಯ್ತಲ್ಲ ಮೇಡಂ?"

"ಅವನಿಗೀಗ ಬೇರೆ ಕೆಲ್ಸ ಸಿಕ್ಕಿದ್ಯಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಪೇಪರ್ ಹಿಂತೆಗೆದುಕೊಳ್ಳಿ ಎಂದು ಪತ್ರಿಕೆಗೆ ನಿನ್ನೆ ಬರೆದು ಕಳಿಸಿದ್ದೇನೆ, ನಿನ್ನ ವರದಿಯನ್ನೂ ಜೊತೆಗಿಟ್ಟು. ನನ್ನ ಥೀಸಿಸ್ ಕಥೆ ಮುಗಿಯಿತು. ನೀನು ವಾಪಸ್ಸು ಬರುತ್ತೀಯೋ ಇಲ್ಲವೋ ಗೊತ್ತಿಲ್ಲ. ಬಂದರೆ ಅದೇ ಲ್ಯಾಬಿನಲ್ಲಿ, ಅವರೆಲ್ಲರೆದುರು ನೀನೇ ಸರಿ ಎಂದು ಹೇಳುತ್ತೇನೆ.

ಮರಳಿನ ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ನೌರೀನ್

ತಾ.ಕ.: ತಾಮ್ರ ಹಾಕದೆ ನೋಡಿದ್ದು ಒಂದು ದಿನ ಎಂದು ಬರೆದೆನಲ್ಲ, ಅದು ಫೆಬ್ರವರಿ. ಥೀಸಿಸ್ ಕೊಟ್ಟ ಮೇಲೆ ಹೇಳಿದರಾಯಿತು ಎಂದು ಬಾಯಿ ಮುಚ್ಚಿಕೊಂಡೆ. ಜೂನಿನಲ್ಲಿ ಆಸ್ಪತ್ರೆಗೆ ನಿನ್ನ ಅಮ್ಮನನ್ನು ನೋಡಲು ಬಂದಿದ್ದಾಗ ನೀನು ಔಷಧಿ ತರಲು ಹೋಗಿದ್ದೆ. ಅವರು ನನ್ನ ಕೈ ಹಿಡಿದು, "ನೀನು ಅವನ ಜೊತೇಲಿ ಇದ್ದೋಳು. ನಿಜ ಹೇಳವ್ವ, ನನ್ನ ಮಗ ಸುಳ್ಳು ಬರ್ದಿದ್ನಾ?" ಎಂದು ಕೇಳಿದರು. "ನಂಗೊತ್ತಿಲ್ಲ ಅಮ್ಮ" ಅಂದೆ. ಅವರು ನನ್ನ ಕೈ ಬಿಟ್ಟರು. "ಹಂಗಾದ್ರೆ ಬರ್ದಿರ್ತಾನೆ ಬಿಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಮೂರನೇ ದಿನ ತೀರಿಕೊಂಡರು.