ಇಪ್ಪತ್ತಮೂರು ಹೆಬ್ಬೆಟ್ಟು

ಮೂಡಿಗೆರೆ
೧೯-೨-೨೦೦೫

ಪ್ರೀತಿಯ ಸುಗುಣಾ,

ನಿನ್ನ ಎರಡು ಕಾಗದ ಬಂದು ಮೇಜಿನ ಮೇಲೆ ಕೂತು ತಿಂಗಳಾಯಿತು. ಅಕ್ಕನಿಗೆ ನಾಲ್ಕು ಸಾಲು ಬರೆಯಲು ಏನು ಧಾಡಿ ಎಂದು ಬೈದುಕೊಂಡಿರುತ್ತೀಯ, ಬೈದುಕೋ. ಸರ್ವೆ ಕೆಲಸ ಮುಗಿಯುವವರೆಗೆ ಯಾರಿಗೂ ಏನೂ ಹೇಳಬಾರದು ಎಂದು ಹಟ ಹಿಡಿದಿದ್ದೆ. ನಿನ್ನ ಶಾಲೆ, ಗಂಡ, ಪಾಪು ಎಲ್ಲ ಸುಖವೆಂದು ತಿಳಿದು ಸಂತೋಷ. ಅವ್ವನೂ ಗಟ್ಟಿಯಾಗಿದ್ದಾಳೆ. ಈ ವರ್ಷವೂ ಎಸ್ಟೇಟಿನಲ್ಲಿ ರೊಬಸ್ಟಾ ಕಾಫಿ ಕೊಯ್ಯಲು ಹೋಗುತ್ತಿದ್ದಾಳೆ. ಕೂಲಿಯವರ ಆ ಲೈನು ಮನೆ ಬಿಟ್ಟು ನನ್ನ ಜೊತೆ ಬಂದಿರು ಎಂದರೆ ಕೇಳುವುದಿಲ್ಲ.

"ಹಳೇದೆಲ್ಲ ಯಾಕೆ ಕೆದಕ್ತೀಯ, ಬಿಟ್ಟುಬಿಡಕ್ಕ" ಎಂದು ನೀನು ಬರೆದಿದ್ದೆಯಲ್ಲ, ಬಿಡಲಿಲ್ಲ ಕಣೆ. ಷಡಕ್ಷರಿಗೆ ಮಾಡಬೇಕಾದ್ದನ್ನು ಮಾಡಿಯೇ ಬಂದೆ.

ನಿನಗೆ ಆಗ ಹದಿನಾಲ್ಕು, ಎಲ್ಲ ನೆನಪಿರಲಿಕ್ಕಿಲ್ಲ. ತೊಂಬತ್ತನಾಲ್ಕರಲ್ಲಿ ಷಡಕ್ಷರಿಯ ಸಂಸ್ಥೆ ನಮ್ಮ ಲೈನಿನ ಹೆಂಗಸರಿಗೆ ಅಕ್ಷರ ಕಲಿಸುವ ತರಗತಿ ತೆರೆದಾಗ ಕಲಿಸಿದವಳು ನಾನು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದವಳಿಗೆ ಅದೇ ಮೊದಲ ಕೆಲಸ. ಹತ್ತು ತಿಂಗಳು, ದಿನಾ ಸಂಜೆ. ಹಗಲೆಲ್ಲ ತೋಟದಲ್ಲಿ ದುಡಿದು ಬಂದವರು ಸ್ಲೇಟಿನ ಮೇಲೆ ಬಗ್ಗಿ ಕೂರುತ್ತಿದ್ದರು. ಅರ್ಧಕ್ಕರ್ಧ ಜನ ತಪ್ಪುತಪ್ಪಾಗಿಯಾದರೂ ನಾಲ್ಕು ಸಾಲು ಬರೆಯುವಷ್ಟಾಗಿದ್ದರು. ಡಿಸೆಂಬರಿನಲ್ಲಿ ಪರೀಕ್ಷೆ ಮಾಡಲು ಮೇಲಿನಿಂದ ತಂಡ ಬರುತ್ತದೆ ಎಂದಾಗ ಷಡಕ್ಷರಿಗೆ ಅಷ್ಟು ಸಾಲದಾಯಿತು. ಹೆಂಗಸರನ್ನೆಲ್ಲ ದೂರದ ತೋಟಕ್ಕೆ ಕೊಯ್ಲಿಗೆ ಕಳಿಸಿ, ಹೈಸ್ಕೂಲು ಹುಡುಗಿಯರಿಗೆ ಸೀರೆ ಉಡಿಸಿ, ತಲೆ ಮೇಲೆ ಸೆರಗು ಹೊದಿಸಿ ಕೂರಿಸಿದ. ನೀನೂ ಕೂತಿದ್ದೆ. ತಂಡದವರು ದೂರದಿಂದ ನೋಡಿ, ಕಾಫಿ ಕುಡಿದು ಹೊರಟರು. ನೂರಕ್ಕೆ ನೂರು ಸಾಕ್ಷರರು ಎಂದು ಸಂಸ್ಥೆಗೆ ಪ್ರಶಸ್ತಿ ಬಂತು. ಮಾರನೆಯ ದಿನದಿಂದ ಒಬ್ಬಳೂ ತರಗತಿಗೆ ಬರಲಿಲ್ಲ. ಕರೆಯಲು ಹೋದರೆ ಪಕ್ಕದ ಮನೆಯ ಶಿವಗಂಗಮ್ಮ, "ನಮ್ ಬದ್ಲು ಬರ್ಯೋರು ಇದಾರಲ್ಲ, ನಾವ್ಯಾಕೆ?" ಎಂದಳು. ಆ ಮಾತು ನನ್ನ ಎದೆಯಲ್ಲಿ ಹತ್ತು ವರ್ಷ ಕೂತಿತ್ತು.

ಈಗ ಆ ಕಲಿಕೆಯಲ್ಲಿ ಏನುಳಿದಿದೆ ಎಂದು ತಿಳಿಯಲು ದೆಹಲಿಯವರು ಅಧ್ಯಯನ ಮಾಡಿಸಿದರಲ್ಲ, ನಮ್ಮ ತಾಲೂಕಿನ ಮನೆಮನೆ ಸರ್ವೆ ನನ್ನ ಪಾಲಿಗೆ ಬಂತು. ಷಡಕ್ಷರಿ ತಾನೇ ಹುಡುಕಿಕೊಂಡು ಬಂದ. ವರದಿ ಚೆನ್ನಾಗಿದ್ದರೆ ಮೂರು ತಾಲೂಕಿನ ಹೊಸ ಯೋಜನೆಗೆ ಅವನೇ ಯಜಮಾನ. "ನಿಂಗೆ ಮೊದಲ್ನೇ ಕೆಲಸ ಕೊಟ್ಟೋನು ನಾನು, ಮರೀಬೇಡಮ್ಮ" ಎಂದ. ಮರೆತಿಲ್ಲ ಸಾರ್ ಎಂದೆ. ಕಾಫಿ ಕೊಟ್ಟೆ. ಹಳೆಯ ಉತ್ತರ ಪತ್ರಿಕೆಗಳಿದ್ದರೆ ವರದಿಗೆ ಕಳೆ ಬರುತ್ತದೆ ಎಂದೆ, ಅದೂ ಎಷ್ಟು ವಿನಯದಿಂದ ಎಂದರೆ ನೀನು ನೋಡಿದ್ದರೆ ನಕ್ಕುಬಿಡುತ್ತಿದ್ದೆ. ಮಂಕ, ಮಾರನೆಯ ದಿನವೇ ಕಟ್ಟು ತಂದುಕೊಟ್ಟ. ಕೈಬರಹ ನೋಡು, ಮುತ್ತು ಪೋಣಿಸಿದ ಹಾಗಿದೆ ಎಂದು ಬೇರೆ ಹೇಳಿದ.

ಆ ಕಟ್ಟು ಹಿಡಿದು ಲೈನಿಗೆ ಹೋದೆ. ಒಬ್ಬೊಬ್ಬಳ ಮುಂದೆಯೂ ಅವಳ ಹೆಸರಿನ ಹಾಳೆ ಇಟ್ಟು, ಕೆಳಗೆ ಸಹಿ ಹಾಕಿ ಎಂದೆ. ಅಂದು ನಾಲ್ಕು ಸಾಲು ಬರೆಯುತ್ತಿದ್ದವರಿಗೂ ಕೈ ತಪ್ಪಿಹೋಗಿತ್ತು, ಇಪ್ಪತ್ತಮೂರು ಹೆಂಗಸರೂ ಹೆಬ್ಬೆಟ್ಟು ಒತ್ತಿದರು. ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ಹೇಳಿಯೇ ಒತ್ತಿಸಿದೆ. ಶಿವಗಂಗಮ್ಮ ಒಂದು ಸಾಲದು ಎಂದು ಎರಡು ಸಲ ಒತ್ತಿದಳು.

ಮೊನ್ನೆ ಬುಧವಾರ ಚಿಕ್ಕಮಗಳೂರಿನಲ್ಲಿ ಸಭೆ. ಷಡಕ್ಷರಿ ಗರಿಗರಿ ಅಂಗಿ ಹಾಕಿಕೊಂಡು ಮುಂದೆಯೇ ಕೂತಿದ್ದ. ಹಾಳೆಗಳನ್ನು ನೋಡಿದ್ದೇ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೂ ಬಾಯಿ ನಿಂತಿತು ಅನ್ನುತ್ತೀಯಾ? ಕಲಿತಿದ್ದರು, ಈಗ ಮರೆತಿದ್ದಾರೆ, ಅದಕ್ಕೇ ಹೊಸ ಯೋಜನೆ ಬೇಕು ಎಂದ. ಎಂಥ ತಲೆ ನೋಡು. ಆಗ ನಾನು ಎದ್ದು ಶಿವಗಂಗಮ್ಮನ ಹಾಳೆ ಓದಿದೆ. ನಿಮ್ಮ ದಿನಚರಿ ಬರೆಯಿರಿ ಎಂಬ ಪ್ರಶ್ನೆಗೆ ಆ ನಲವತ್ತೈದು ವರ್ಷದ ಹೆಂಗಸಿನ ಉತ್ತರ: "ನಾನು ಬೆಳಿಗ್ಗೆ ಹೋಂವರ್ಕ್ ಮುಗಿಸಿ, ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತೇನೆ." ಯಾವ ಹುಡುಗಿ ಬರೆದದ್ದೋ, ಅವಳ ಹೊಟ್ಟೆ ತಣ್ಣಗಿರಲಿ. ಹತ್ತು ವರ್ಷ ಅದನ್ನು ಒಬ್ಬರೂ ಓದಿರಲಿಲ್ಲ.

ಸಭೆ ಗೊಳ್ಳೆಂದು ನಕ್ಕಿತು. ಪಕ್ಕದವರು ಹಿಂದಿಯಲ್ಲಿ ಹೇಳಿದ ಮೇಲೂ ದೆಹಲಿಯ ಮೇಡಂ ನಗಲಿಲ್ಲ. ಹೊಸ ಯೋಜನೆಯ ಕಡತ ಮುಚ್ಚಿ ಬ್ಯಾಗಿಗೆ ಹಾಕಿಕೊಂಡರು. ಷಡಕ್ಷರಿ ಮೆಟ್ಟಿಲ ಬಳಿ ನನ್ನನ್ನು ತಡೆದು, "ಇದ್ರಿಂದ ನಿಂಗೇನ್ ಸಿಕ್ತಮ್ಮ?" ಎಂದ. ಹತ್ತು ವರ್ಷದ ಉರಿ ಆರಿತು ಸಾರ್ ಎಂದೆ. ಅವನು ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ, ನೋಡಿ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಬಸ್ಸು ಮೂಡಿಗೆರೆ ಸೇರುವವರೆಗೂ ನನ್ನಷ್ಟಕ್ಕೆ ನಗುತ್ತಲೇ ಬಂದೆ.

ಪಾಪುವಿಗೆ ನನ್ನ ಮುತ್ತು ಕೊಡು. ನಿನ್ನ ಶಾಲೆಯ ಮಕ್ಕಳು ಏನೇ ಬರೆಯಲಿ, ಕೊನೆಯ ಸಾಲಿನವರೆಗೂ ಓದು. ನೀವು ಮೂವರೂ ನೂರ್ಕಾಲ ಚೆನ್ನಾಗಿರಿ.

ನಿನ್ನ ಅಕ್ಕ,
ವಸಂತ

ಇನ್ನೊಂದು ಮಾತು: ಇದನ್ನು ಬರೆಯುವುದು ಬೇಡವೆಂದೇ ಸಹಿ ಹಾಕಿದ್ದೆ, ಮನಸ್ಸು ತಡೆಯಲಿಲ್ಲ. ಆ ಕಟ್ಟಿನಲ್ಲಿ ಇಪ್ಪತ್ತನಾಲ್ಕನೆಯ ಹಾಳೆಯೂ ಇತ್ತು. ಹೆಸರು ದ್ಯಾವಮ್ಮ ಎಂದು ಅವ್ವನದು, ಕೈಬರಹ ನಿನ್ನದು. ಅದನ್ನು ವರದಿಗೆ ಹಾಕಲಿಲ್ಲ. ನಿನ್ನ ನೌಕರಿಗೆ ಹೆದರಿ ಎಂದುಕೊಳ್ಳಬೇಡ. ಪರೀಕ್ಷೆಯ ದಿನ ಅವ್ವ ಕೊಯ್ಲಿಗೆ ಹೋಗಿರಲಿಲ್ಲ. ತಲೆಗೆ ಸ್ನಾನ ಮಾಡಿ, ಮದುವೆಮನೆಗೆ ಉಡುವ ಸೀರೆ ಉಟ್ಟು ತರಗತಿಯ ಬಾಗಿಲಿಗೆ ಬಂದಿದ್ದಳು. ಅವಳನ್ನು ವಾಪಸು ಕಳಿಸಿದ್ದು ಷಡಕ್ಷರಿ ಅಲ್ಲ, ನಾನು. "ನೀನು ತಪ್ಪು ಬರೆದ್ರೆ ನನ್ನ ಕೆಲಸ ಹೋಗುತ್ತೆ ಅವ್ವ" ಎಂದಿದ್ದೆ. ಅವ್ವ ಮನೆಗೆ ಹೋಗಿ, ಸೀರೆ ಬದಲಿಸಿ, ತೋಟಕ್ಕೆ ನಡೆದಳು.

ಈ ಸಲ ಎಲ್ಲರದ್ದೂ ಆದ ಮೇಲೆ ಅವಳ ಮುಂದೆಯೂ ಹಾಳೆ ಇಟ್ಟು ಸ್ಟಾಂಪ್ ಪ್ಯಾಡ್ ತೆರೆದೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ತನ್ನ ಹೆಸರು, ಅಪ್ಪನ ಹೆಸರು, ನಿನ್ನದು, ನನ್ನದು ಬರೆದಳು. ಒಂದೂ ತಪ್ಪಿರಲಿಲ್ಲ. ಪೆನ್ನು ವಾಪಸು ಕೊಡುತ್ತಾ, "ಅವತ್ತೂ ಬರ್ತಿತ್ತು ಕಣೆ ನಂಗೆ" ಎಂದಳು.