ನೀರು ಹೋದ ಮೇಲೂ ಕುಡಿಸಿದ ಜೀರಿಗೆ ಕಷಾಯ

ಅತ್ತೆಯವರಿಗೆ,

ನಿಮ್ಮ ಹಿರಿಯ ಸೊಸೆ ಬರೆಯುವುದು. ಮೊದಲ ಸಾಲಿನಲ್ಲಿ ಶರಣು ಎನ್ನುವುದು ನಮ್ಮ ಮನೆಯ ರೂಢಿ. ನೀವು ಬದುಕಿದ್ದಾಗ ದಿನವೂ ಹೇಳಿದ್ದೇನೆ, ಈಗ ಬರೆಯುವುದಿಲ್ಲ. ನಿಮ್ಮ ಫೋಟೋಕ್ಕೆ ಸೋಮವಾರ ಹೂವು ಹಾಕುವುದನ್ನು ತಪ್ಪಿಸಿಲ್ಲ. ಅದು ಮನೆತನದ ಮರ್ಯಾದೆ. ಈ ಪತ್ರ ನನ್ನದು.

ನನ್ನ ಕುಬಸದ ದಿನ ನೆನಪಿದೆಯೇ? ಏಳು ತಿಂಗಳು ತುಂಬಿತ್ತು. ಅಪ್ಪ ಅವ್ವ ಹಸಿರು ಸೀರೆ, ಬುತ್ತಿ ಹೊತ್ತು ರಾವೂರಿನಿಂದ ಸುಲೇಪೇಟಕ್ಕೆ ಬಂದಿದ್ದರು, ಚೊಚ್ಚಲ ಹೆರಿಗೆಗೆ ನನ್ನನ್ನು ತವರಿಗೆ ಕರೆದೊಯ್ಯಲು. "ತೊಗರಿ ರಾಶಿ ಮುಗೀಲಿ, ನಾನೇ ಕಳಸ್ತೀನಿ. ನಮ್ಮ ಮನ್ಯಾಗ ಯಾರೂ ಹಡದೇ ಇಲ್ಲೇನು?" ಎಂದಿರಿ. ಅಪ್ಪ ತಲೆ ತಗ್ಗಿಸಿದರು. ಹೆಣ್ಣು ಕೊಟ್ಟವರು ಮತ್ತೇನು ಮಾಡುತ್ತಾರೆ? ರಾಶಿ ಮುಗಿಯಿತು. ನೀವು ಕಳಿಸಲಿಲ್ಲ.

ಒಂಬತ್ತನೆಯ ತಿಂಗಳಲ್ಲಿ ನನ್ನ ಪಾದ ಊದಿ ಕಾಲುಂಗುರ ಕಚ್ಚುತ್ತಿದ್ದವು. ಎದೆ ಉರಿ, ಮಗ್ಗುಲು ಬದಲಿಸಿದರೆ ತೊಡೆಸಂದಿಯಲ್ಲಿ ಚಳುಕು. ಆಮೇಲೆ ಹೊಟ್ಟೆ ಕೆಳಗಿಳಿದು ಉಸಿರು ಹಗುರವಾಯಿತು, ನಡೆಯುವುದು ಮಾತ್ರ ಭಾರವಾಯಿತು. ಹೇಳಿದರೆ ನಗುತ್ತಿದ್ದಿರಿ. "ಮ್ಯಾಟ್ರಿಕ್ ಪಾಸಾದಾಕಿ ನೋಡ್ರಿ, ಕುಂತ್ರೊಂದು ನೋವು, ನಿಂತ್ರೊಂದು ನೋವು." ನಾನು ರೊಟ್ಟಿ ಬಡಿಯುತ್ತ, ಹೊಟ್ಟೆಯೊಳಗಿನ ಕೂಸನ್ನು ಒಂದು ಹೆಸರು ಹಿಡಿದು ಮೆಲ್ಲಗೆ ಮಾತಾಡಿಸುತ್ತಿದ್ದೆ. ನಿಮಗೆ ಕೇಳದ ಹಾಗೆ.

ಹೊಟ್ಟೆ ಬಿಗಿದಾಗಲೆಲ್ಲ ನಿಮ್ಮ ಹಿತ್ತಾಳೆ ಚರಿಗೆ ಬರುತ್ತಿತ್ತು. ಬಿಸಿ ಜೀರಿಗೆ ಕಷಾಯ. ಕುಡಿದ ಮೇಲೆ ನೋವು ನಿಂತರೆ ಸುಳ್ಳು ಬೇನೆ, ಏರಿದರೆ ಖರೆ. ಎರಡು ಸಲ ನಿಂತಿತು, ನೀವು ಗೆದ್ದಿರಿ. ಆ ಮಟ್ಟಿಗೆ ಒಪ್ಪುತ್ತೇನೆ. ಮೂರನೆಯ ಸಲ ನೋವೇ ಇರಲಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದಾಗ ಬೆಚ್ಚಗಿನ ನೀರು ಹರಿದು ಸೀರೆ ತೊಯ್ದಿತು. ತಡೆದರೂ ನಿಲ್ಲಲಿಲ್ಲ.

"ಅತ್ತಿ, ನೀರು ಹೋಗ್ಲಿಕತ್ತಾವರಿ. ದವಾಖಾನಿಗೆ ಹೋಗೂಣರಿ."

"ಬ್ಯಾನಿ ಎಲ್ಲಿ ಬಂದದ? ಬ್ಯಾನಿ ಇಲ್ದ ಯಾರು ಹಡದಾರ? ಕಷಾಯ ಕುಡಿ, ಸುಮ್ನ ಕುಂದ್ರು."

ಕುಡಿದೆ. ನೋವು ಬರಲಿಲ್ಲ. ಸುಳ್ಳು ಎಂದಿರಿ. ಮರುದಿನ ಆ ನೀರು ಹಸಿರಾಗಿತ್ತು, ಕೂಸು ಒದೆಯುವುದನ್ನು ಬಿಟ್ಟಿತ್ತು. ಆಗ ಜೀಪು ತರಿಸಿದಿರಿ. ಹೆಣ್ಣು ಕೂಸು. ಉಸಿರಿಲ್ಲದೆ ಹುಟ್ಟಿತು, ಅಳಲೇ ಇಲ್ಲ. "ಹೆಸರಿಡದ ಕೂಸಿನ ಸಲುವಾಗಿ ಅಳಬಾರದು. ಈ ಮಾತು ಮತ್ತ ಮನ್ಯಾಗ ಎತ್ತಬ್ಯಾಡ" ಎಂದಿರಿ. ಎತ್ತಲಿಲ್ಲ. ನೀವು ಸಾಯುವವರೆಗೂ, ಸತ್ತ ಮೇಲೂ.

ಈ ವರ್ಷ ನನ್ನ ಮಗಳು ಭಾಗ್ಯ ಸೇಡಂನಿಂದ ಚೊಚ್ಚಲಿಗೆ ಬಂದಳು. ಕುಬಸ ಮುಗಿದ ಸಂಜೆಯೇ ನಾನು ಕರೆತಂದೆ. ಬೀಗಿತ್ತಿಗೆ ಬಾಯಿ ತೆರೆಯಲು ಆಸ್ಪದ ಕೊಡಲಿಲ್ಲ. ಹೋದ ತಿಂಗಳು, ಮಧ್ಯಾಹ್ನ ಮಲಗಿದ್ದವಳು ಎದ್ದು ಬಂದು "ಅವ್ವ, ಚಾದರ ತೊಯ್ದದ. ನೋವೇನಿಲ್ಲ" ಎಂದಳು.

ನಾನು ಏನೆಂದೆ ಗೊತ್ತೇ? "ಒಂಬತ್ತು ತುಂಬಿದಾಗ ಉಚ್ಚಿ ತಡಿಯಂಗಿಲ್ಲ. ಬ್ಯಾನಿ ಬರಲಿ. ಕಷಾಯ ಮಾಡ್ತೀನಿ, ಸುಮ್ನ ಕುಂದ್ರು." ಗ್ಯಾಸ್ ಹಚ್ಚಿದೆ, ಜೀರಿಗೆ ಕುದಿಸಿದೆ, ಸೋಸಲು ಚರಿಗೆ ತೆಗೆದುಕೊಂಡೆ. ನಿಮ್ಮದೇ ಚರಿಗೆ. ಅದರ ಕಂಠದ ಮೇಲೆ ಕೊರೆಸಿದ ನಿಮ್ಮ ಹೆಸರು ಬೆರಳಿಗೆ ತಾಗಿತು. ನಿಮ್ಮ ಮಾತು ನನ್ನ ಬಾಯಿಗೆ ಯಾವಾಗ ಬಂದು ಕೂತಿತು? ಮೂವತ್ತು ವರ್ಷ ನಿಮ್ಮನ್ನು ದ್ವೇಷಿಸಿದ್ದು ಇದಕ್ಕೇ ಏನು?

ಗ್ಯಾಸ್ ಆರಿಸಿದೆ. ಚಾದರ ಮೂಸಿ ನೋಡಿದೆ, ಉಚ್ಚೆಯಲ್ಲ. ನೀರಿಗೆ ಬಣ್ಣ ಬಂದಿರಲಿಲ್ಲ, ಕೂಸು ಒದೆಯುತ್ತಿತ್ತು. ಆಂಬುಲೆನ್ಸಿಗೆ ಫೋನು ಮಾಡಿದೆ.

"ಈಗಷ್ಟೇ ಬ್ಯಾನಿ ಬರಲಿ ಅಂದಿದ್ದಿ?" ಎಂದಳು ಭಾಗ್ಯ.

"ಅಂದಾಕಿ ನಾನಲ್ಲ, ನಿಮ್ಮಪ್ಪನ ಅವ್ವ. ಚಪ್ಪಲಿ ಹಾಕ್ಕೊ."

ಚಿಂಚೋಳಿ ದವಾಖಾನೆಯ ಡಾಕ್ಟರಮ್ಮ ನನ್ನ ಅರ್ಧ ವಯಸ್ಸಿನವಳು. "ನೀರು ಹೋದ ಮ್ಯಾಲ ನೋವಿಗೆ ಕಾಯಬಾರದರಿ, ಅಮ್ಮ. ಲಗೂನೇ ಬಂದೀರಿ, ಚಲೋ ಆತು" ಎಂದಳು. ಜೀರಿಗೆ ಕುದಿಸಿದ ಹೊತ್ತಿನ ವಿಷಯ ಅವಳಿಗೆ ಹೇಳಲಿಲ್ಲ. ನಿಮಗೊಬ್ಬರಿಗೇ ಹೇಳುತ್ತಿದ್ದೇನೆ.

ಹೆಣ್ಣು ಕೂಸು. ವಾರ್ಡಿನ ಹೊರಗೆ ಕೇಳುವಂತೆ ಅತ್ತಿತು. ನಿಮ್ಮ ಮಗ ಕಣ್ಣೊರೆಸಿಕೊಂಡು "ಅವ್ವನ ಹೆಸರು ಇಡೂಣ" ಎಂದರು. ನಾನು ಬೇಡ ಎಂದೆ. ಯಾಕೆ ಎಂದು ಭಾಗ್ಯ ಕೇಳಿದಳು. ಅವರ ಎದುರಿಗೇ ಹೇಳಿದೆ, ನಿನಗೊಬ್ಬ ಅಕ್ಕ ಇದ್ದಳು ಎಂದು. ಚರಿಗೆ, ಕಷಾಯ, ಹಸಿರು ನೀರು, ಎಲ್ಲ ಹೇಳಿದೆ. ನಿಮ್ಮ ಮಗ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ನನ್ನನ್ನು ತಡೆಯಲಿಲ್ಲ.

ಭಾಗ್ಯ ಕೂಸನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ "ಹೊಟ್ಟ್ಯಾಗಿದ್ದಾಗ ಆಕಿಗೆ ನೀ ಏನಂತ ಕರೀತಿದ್ದಿ, ಅವ್ವ?" ಎಂದಳು. ಹೇಳಿದೆ.

ತೊಟ್ಟಿಲ ದಿನ ಸೋದರತ್ತೆ ಅದೇ ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳಿದಳು. ಈಗ ಓಣಿಯವರೆಲ್ಲ ಆ ಹೆಸರು ಕೂಗಿ ಕೂಸನ್ನು ಆಡಿಸುತ್ತಾರೆ. ನಿಮಗೆ ಮಾತ್ರ ಅದನ್ನು ಹೇಳುವುದಿಲ್ಲ.