ಅಪ್ಪನ ಫೋನು ಎದ್ದಿದೆ

ಭಾಲ್ಕಿ
೧೨-೨-೨೦೨೫, ಬುಧವಾರ

ಪ್ರೀತಿಯ ಮಾನಸಿ,

ಸಮಸ್ತ ಬಂಧುಬಳಗಕ್ಕೆ ಈ ಮೂಲಕ ಘೋಷಿಸುವುದೇನೆಂದರೆ, ನಿಮ್ಮಪ್ಪನ ಮೊಬೈಲಿನ ಚಾರ್ಜರ್ ಸಿಕ್ಕಿದೆ. ಜೋಳದ ಹಿಟ್ಟಿನ ಡಬ್ಬಿಯ ಹಿಂದೆ. ಡಂಗುರ ಹೊಡೆಸೋಣವೆಂದರೆ ಬಳಗ ಎಂದು ಇಲ್ಲಿರುವವಳು ನಾನೊಬ್ಬಳೇ. ಅದಕ್ಕೇ ನಿನಗೆ ಬರೆದೆ. ನಿನ್ನ ಕೆಮ್ಮು ಹೇಗಿದೆ? ಲಾತೂರಿನ ಮಕ್ಕಳಿಗೆಲ್ಲ ಗಣಿತ ಒದರಿ ಒದರಿ ಗಂಟಲು ಕಟ್ಟಿಸಿಕೊಳ್ಳಬೇಡ, ಶುಂಠಿ ಕಷಾಯ ಕುಡಿ. ನಾನು ಆರಾಮ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ.

ಚಾರ್ಜರ್ ಸಿಕ್ಕಿದ್ದೇ ತಪ್ಪಾಯಿತು ನೋಡು. ಅಪ್ಪ ತೀರಿದ ದಿನದಿಂದ ಬಂದ್ ಆಗಿದ್ದ ಫೋನಿಗೆ ಜೀವ ತುಂಬಿ ಅವರ ಕುರ್ಚಿಯ ಮೇಲಿಟ್ಟೆ. ಮರುದಿನ ಬೆಳಿಗ್ಗೆ ಚಹಾ ಸೋಸುತ್ತಿದ್ದಾಗ ಅದು ಕುಂಯ್ ಎಂದಿತು. ಹೋಗಿ ನೋಡಿದರೆ, ಯಾರೂ ಮುಟ್ಟದ ಫೋನಿನಿಂದ ಒಂದು ಸಂದೇಶ ಹೊರಟಿತ್ತು: “ಎದ್ದಿ ಏನವಾ? ನಾ ಎದ್ದೇನಿ.” ಸೋಸಣಿಗೆ ಕೈಯಲ್ಲಿ ಉಳಿಯಿತು, ಚಹಾ ಉಳಿಯಲಿಲ್ಲ. ನಿವೃತ್ತರಾದ ಮೇಲೆ ಬೀದರಿನ ಸಂಸ್ಥೆಯೊಂದರ ಮೂಲಕ ಅವರು ಹಳ್ಳಿಯ ಮಕ್ಕಳಿಗೆ ಫೋನಿನಲ್ಲೇ ಗಣಿತ ಹೇಳುತ್ತಿದ್ದರಲ್ಲ? ಔರಾದ ಕಡೆಯ ಚಿಂತಾಕಿಯಲ್ಲಿ ಹತ್ತನೆಯ ತರಗತಿ ಓದುವ ಇರಮಳಿಗಾಗಿ, ಪರೀಕ್ಷೆ ಮುಗಿಯುವವರೆಗಿನ ಬೆಳಗಿನ ಸಂದೇಶಗಳನ್ನೆಲ್ಲ ತಾವಾಗಿಯೇ ಹೋಗುವಂತೆ ಮೊದಲೇ ತುಂಬಿಟ್ಟಿದ್ದಾರೆ. ಗ್ಯಾಸ್ ಬುಕ್ ಮಾಡುವುದರಲ್ಲಿ ಈ ಮುಂದಾಲೋಚನೆ ನಾನೆಂದೂ ಕಾಣಲಿಲ್ಲ.

ಸಂಸ್ಥೆಯವರಿಗೆ ನಾವ್ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಹುಡುಗಿಯ ಸಂದೇಶಗಳು ರಾಶಿ ಬಿದ್ದಿದ್ದವು. ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲವಂತೆ, ತಿಳಿಯದ್ದನ್ನು ಅಪ್ಪನನ್ನು ಮಾತ್ರ ಕೇಳುತ್ತಿದ್ದಳು. ಕೊನೆಯದು ಹೀಗಿತ್ತು: “ಸರ್, ನೀವ್ ಇಲ್ಲಂದ್ರ ನಾ ಪರೀಕ್ಷಾಕ್ಕ ಕೂಡಂಗಿಲ್ರಿ.” ಏನು ಮಾಡಲಿ? ಜ್ವರ ಬಂದಿತ್ತು ಎಂದು ಅವರ ಹೆಸರಿನಲ್ಲೇ ಬರೆದುಬಿಟ್ಟೆ. ಅಂದಿನಿಂದ ಗೈಡ್ ನೋಡಿ ಲೆಕ್ಕ ಇಳಿಸಿ ಕಳಿಸುತ್ತಿದ್ದೇನೆ. ಬೆಳಿಗ್ಗೆ ಅವರು ಎಬ್ಬಿಸುತ್ತಾರೆ, ಮಧ್ಯಾಹ್ನ ನಾನು ಕಲಿಸುತ್ತೇನೆ. ನಮ್ಮ ಸಂಸಾರ ಇಷ್ಟು ಸಲೀಸಾಗಿ ಹಿಂದೆಂದೂ ನಡೆದಿರಲಿಲ್ಲ. ಆದರೆ ಆ ಕುಂಯ್ ಕೇಳಿದೊಡನೆ ನಾನೂ ಅಡುಗೆಮನೆಯಿಂದ ‘ಎದ್ದೇನ್ರಿ’ ಅಂದುಬಿಡುತ್ತೇನೆ. ಕುರ್ಚಿಯ ಕಡೆ ತಿರುಗುವ ಧೈರ್ಯ ಮಾತ್ರ ಇಲ್ಲ.

ತಣ್ಣಗಿರು ಮಗಳೇ. ಅಳಿಯ ವಿನೀತರಿಗೆ ನನ್ನ ನೆನಪು ಹೇಳು.

ನಿನ್ನ ಅಮ್ಮ,
ಕುಮುದಿನಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಇರಮ ಬರೆದಳು: “ಸರ್, ನೀವು ತಪ್ಪು ಮಾಡೋದು ಯಾಕ ಬಿಟ್ರಿ? ನಾ ಏನ್ ಹಿಡೀಲಿ? ನೀವು ಸರ್ ಹೌದೋ ಅಲ್ಲೋ?” ಹಳೆಯ ಸಂದೇಶ ತೆಗೆದು ನೋಡಿದೆ. ಪ್ರತಿ ಲೆಕ್ಕದಲ್ಲೂ ಅವರು ಬೇಕೆಂದೇ ಒಂದು ತಪ್ಪು ಇಟ್ಟಿದ್ದಾರೆ. ಅವಳು ಅದನ್ನು ಹಿಡಿದು ಅವರನ್ನು ಬೈದಿದ್ದಾಳೆ. ಭಾನುವಾರ ಚಿಂತಾಕಿಗೆ ಹೋಗಿ ನಿಜ ಹೇಳುತ್ತೇನೆ. ಬರಿಗೈಯಲ್ಲಿ ಹೋಗಲಾರೆ. ಈ ಪತ್ರ ತರುವ ಬಸ್ ಕಂಡಕ್ಟರನ ಕೈಯಲ್ಲೇ ಒಂದು ಲೆಕ್ಕವನ್ನು ಬೇಕೆಂದೇ ತಪ್ಪಾಗಿ ಬಿಡಿಸಿ ಕಳಿಸು. ಕೆಳಗೆ ನಿನ್ನ ಹೆಸರು, ಫೋನ್ ನಂಬರು ಬರೆ.